ಪಚ್ಚೆ, ಹಚ್ಚೆ, ಹಸಿ: ಬೋಡಿನಾಯಕನೂರು ಸೀಮೆಯಲ್ಲಿ ಚುಚ್ಚಿಸಿಕೊಂಡ ಮೈಯ ಚರಿತ್ರೆ

ತೇನಿ ಜಿಲ್ಲೆಯ ಬೋಡಿನಾಯಕನೂರು ಪಶ್ಚಿಮಘಟ್ಟದ ಬುಡದಲ್ಲಿರುವ ಏಲಕ್ಕಿಯ ಪೇಟೆ. ಬೋಡಿಮೆಟ್ಟಿನ ತಿರುವುಗಳನ್ನು ಹತ್ತಿ ಕೇರಳದ ತೋಟಗಳಿಗೆ ಕೂಲಿಗೆ ಹೋಗುವ ಹೆಂಗಸರೂ, ಕೆಳಗಿಳಿದು ಬಂದ ಏಲಕ್ಕಿಯನ್ನು ಗಾತ್ರ ಬಣ್ಣಗಳಿಗೆ ತಕ್ಕಂತೆ ಆಯುವ ಹೆಂಗಸರೂ ಈ ಊರಿನ ದುಡಿಮೆಯ ಬೆನ್ನೆಲುಬು. ಅವರಲ್ಲಿ ವಯಸ್ಸಾದವರ ಮುಂಗೈಯನ್ನು ನೋಡಿದರೆ, ಮಣಿಕಟ್ಟಿನಿಂದ ಮೊಣಕೈವರೆಗೆ ನೀಲಿ ಬೆರೆತ ಹಸಿರು ಚುಕ್ಕೆಗಳು, ಗೆರೆಗಳು, ಎಳೆ ಬಿಡಿಸಿದ ಕೋಲದಂಥ ಚೌಕಗಳು, ಒಂದು ಚೇಳು ಕಾಣಸಿಗುವುದುಂಟು. ಗೆರೆಗಳ ಅಂಚು ಕರಗಿರುತ್ತದೆ. ಚರ್ಮದ ಸುಕ್ಕಿನೊಡನೆ ಚಿತ್ರವೂ ಸುಕ್ಕಾಗಿರುತ್ತದೆ. ಇದನ್ನು ತಮಿಳು 'ಪಚ್ಚೈ' ಎನ್ನುತ್ತದೆ, ತೆಲುಗು 'ಪಚ್ಚಬೊಟ್ಟು' ಎನ್ನುತ್ತದೆ, ಕನ್ನಡ 'ಹಚ್ಚೆ' ಎನ್ನುತ್ತದೆ. ಈ ಮೂರು ಭಾಷೆಗಳೂ ಬೋಡಿಯಲ್ಲಿ ನೆರೆಹೊರೆಯ ಮನೆಮಾತುಗಳು.

ದಕ್ಷಿಣ ಭಾರತದ ಹಚ್ಚೆಯ ಬಗ್ಗೆ ಬರೆಯಲಾದ ಬಹುಪಾಲು ಬರಹ ಅದರ ವಿನ್ಯಾಸದ ಕುರಿತದ್ದು. ಯಾವ ಜಾತಿಗೆ ಯಾವ ಚಿತ್ರ, ಯಾವ ಚಿತ್ರಕ್ಕೆ ಯಾವ ಅರ್ಥ ಎಂಬ ಪಟ್ಟಿಗಳು ವಸಾಹತುಕಾಲದ ಜನಾಂಗ ವಿವರಣೆಗಳಲ್ಲಿ ಸಿಗುತ್ತವೆ. ಚುಚ್ಚಿಸಿಕೊಳ್ಳುವ ಗಳಿಗೆಯ ವಿಚಾರ, ಎಂದರೆ ಮೈಗೆ ಏನಾಯಿತು, ಮನಸ್ಸಿಗೆ ಏನಾಯಿತು, ಯಾರ ಕೈ ಯಾರ ಕೈಯನ್ನು ಹಿಡಿದಿತ್ತು ಎಂಬ ವಿಚಾರ, ಆ ಪಟ್ಟಿಗಳ ಅಂಚಿನಲ್ಲಿ ಒಂದೆರಡು ವಾಕ್ಯಗಳಲ್ಲಿ ಮುಗಿಯುತ್ತದೆ. ಆದರೆ ಈ ರೂಢಿಗೆ ಹೆಸರಿಟ್ಟ ಭಾಷೆಗಳು ಆ ಗಳಿಗೆಯನ್ನು ಮರೆತಿಲ್ಲ. ಬೋಡಿಯಂಥ ಬಹುಭಾಷಾ ನೆಲೆಯಲ್ಲಿ ನಿಂತು ಆ ಪದಗಳನ್ನು ಒಟ್ಟಿಗೆ ಕೇಳಿಸಿಕೊಂಡರೆ, ಹಚ್ಚೆಯ ಚರಿತ್ರೆಯು ಚಿತ್ರದ ಚರಿತ್ರೆಯಾಗುವುದಕ್ಕೆ ಮೊದಲು ಹಸಿಗಾಯದ ಚರಿತ್ರೆಯಾಗಿತ್ತು ಎಂಬುದು ಸ್ಪಷ್ಟವಾಗುತ್ತದೆ.

ಪದದೊಳಗಿನ ಹಸಿತನ

ಕಂಬಂ ಕಣಿವೆ ಮತ್ತು ಅದರ ಸುತ್ತಲಿನ ಸೀಮೆಯಲ್ಲಿ ಕನ್ನಡವನ್ನು ಮನೆಮಾತಾಗಿ ಉಳಿಸಿಕೊಂಡ ಸಮುದಾಯಗಳು ಹಲವು. ಬೇಸಾಯಗಾರರಾದ ಕಾಪ್ಪಿಲಿಯರು, ಅನುಪ್ಪರು, ನೇಯ್ಗೆಯ ದೇವಾಂಗರು ಅವರಲ್ಲಿ ಮುಖ್ಯರು. ಕಾಪ್ಪಿಲಿಯರು ತುಂಗಭದ್ರೆಯ ದಡದಿಂದ ದಕ್ಷಿಣಕ್ಕೆ ಬಂದವರೆಂಬ ಐತಿಹ್ಯವನ್ನು ಎಡ್ಗರ್ ಥರ್ಸ್ಟನ್ ತನ್ನ 1909ರ ಏಳು ಸಂಪುಟಗಳ ಜಾತಿ ಬುಡಕಟ್ಟು ಕೋಶದಲ್ಲಿ ದಾಖಲಿಸಿದ್ದಾನೆ. ಬೋಡಿಯ ಪಾಳೆಯಪಟ್ಟು ತೆಲುಗು ಮಾತಿನ ತೊಟ್ಟಿಯರದು. ಹೀಗಾಗಿ ಇಲ್ಲಿನ ಕನ್ನಡ ಮನೆಯ ಮಗು ಒಳಗೆ ಕನ್ನಡ, ಬೀದಿಯಲ್ಲಿ ತಮಿಳು, ನೆರೆಯಲ್ಲಿ ತೆಲುಗು ಕೇಳುತ್ತಲೇ ಬೆಳೆಯುತ್ತದೆ.

ಹಳಗನ್ನಡದ ಪದಾದಿಯ ಪಕಾರ ಕಾಲಕ್ರಮದಲ್ಲಿ ಹಕಾರವಾಯಿತು. 'ಪಾಲ್' ಹಾಲಾಯಿತು, 'ಪೂ' ಹೂವಾಯಿತು, 'ಪಸುರ್' ಹಸಿರಾಯಿತು. 'ಪಚ್ಚೆ'ಯೂ ಈ ಬದಲಾವಣೆಗೆ ಒಳಗಾಗಿ, ಮೈಮೇಲಿನ ಗುರುತಿನ ಅರ್ಥದಲ್ಲಿ 'ಹಚ್ಚೆ'ಯಾಗಿ ನಿಂತಿತು. ರತ್ನದ ಅರ್ಥದಲ್ಲಿ 'ಪಚ್ಚೆ'ಯಾಗಿಯೇ ಉಳಿಯಿತು. 'ಹಚ್ಚ ಹಸಿರು' ಎಂಬ ನುಡಿಗಟ್ಟಿನಲ್ಲಿ ಬಣ್ಣ ಇನ್ನೂ ಮಿನುಗುತ್ತಿದ್ದರೂ, ಇಂದಿನ ಕನ್ನಡಿಗರಿಗೆ 'ಹಚ್ಚೆ' ಎಂದೊಡನೆ ಹಸಿರು ನೆನಪಾಗುವುದು ಅಪರೂಪ. ತಮಿಳು ನೆಲದ ಕನ್ನಡಿಗರ ಸ್ಥಿತಿ ಬೇರೆ. ಪಚ್ಚೈ ಮೆಣಸಿನಕಾಯಿ, ಪಚ್ಚೈ ಎಲೆ ಎಂದು ದಿನವೂ ಕೇಳುವ ಕಿವಿಗೆ ಆ ಗುರುತಿನ ಹೆಸರಿನಲ್ಲಿ ಬಣ್ಣ ಕೇಳಿಸದೆ ಇರದು.

ಬಣ್ಣಕ್ಕಿಂತ ಆಳದ ಇನ್ನೊಂದು ಅರ್ಥವೂ ಆ ಪದದಲ್ಲಿದೆ. ತಮಿಳಿನ 'ಪಚ್ಚೈ' ಎಂದರೆ ಬೇಯದ್ದು, ಮಾಗದ್ದು, ಆರದ್ದು ಎಂದೂ ಅರ್ಥ. ಆರದ ಗಾಯ 'ಪಚ್ಚೈಪ್ಪುಣ್'. ಆಗಷ್ಟೇ ಹೆತ್ತವಳ ಮೈ 'ಪಚ್ಚೈ ಉಡಂಬು'. ಕನ್ನಡ ಇದೇ ಅನುಭವವನ್ನು ಅದೇ ಬೇರಿನ ಇನ್ನೊಂದು ಕವಲಿನಿಂದ ಹೇಳುತ್ತದೆ: ಹಸಿಗಾಯ, ಹಸಿ ಬಾಣಂತಿ. ಹಸಿರು, ಹಸಿ, ಹಚ್ಚೆ ಈ ಮೂರೂ ಒಡಹುಟ್ಟಿದ ಮಾತುಗಳು. ಚುಚ್ಚಿಸಿಕೊಂಡ ತೋಳಿಗೆ ಈ ಭಾಷೆಗಳು ಕೊಟ್ಟ ಹೆಸರಿನಲ್ಲಿ ಆರಿದ ಮೇಲಿನ ಬಣ್ಣವೂ ಆರುವ ಮೊದಲಿನ ಗಾಯವೂ ಒಟ್ಟಿಗೆ ಅಡಗಿವೆ.

ಕ್ರಿಯಾಪದಗಳನ್ನು ಹೋಲಿಸಿದರೆ ಇದು ಇನ್ನಷ್ಟು ನಿಚ್ಚಳವಾಗುತ್ತದೆ. ತಮಿಳಿನಲ್ಲಿ ಪಚ್ಚೈಯನ್ನು 'ಕುತ್ತು'ತ್ತಾರೆ, ಅಂದರೆ ಚುಚ್ಚುತ್ತಾರೆ. ಸೂಜಿಯ ಕೆಲಸವನ್ನು ಭಾಷೆ ಮರೆಮಾಚುವುದಿಲ್ಲ. ತೆಲುಗಿನ ಪದ ಫಲಿತಾಂಶದ ಕಡೆಗೆ ನೋಡುತ್ತದೆ; 'ಬೊಟ್ಟು' ಹಣೆಯ ಮಂಗಳಚಿಹ್ನೆಯ ಹೆಸರೂ ಹೌದು. ಕನ್ನಡದಲ್ಲಿ ಹಚ್ಚೆಯನ್ನು ಹಾಕುತ್ತಾರೆ, ಚುಚ್ಚುತ್ತಾರೆ, ಹೊಯ್ಯುತ್ತಾರೆ. 'ಹೊಯ್' ಎಂಬ ಧಾತುವಿಗೆ ಹೊಡೆ ಎಂಬ ಅರ್ಥವೂ ಸುರಿ ಎಂಬ ಅರ್ಥವೂ ಉಂಟು. ಸೂಜಿಯ ಹೊಡೆತ, ಮಸಿಯ ಸುರಿತ ಎರಡನ್ನೂ ಒಂದೇ ಮಾತು ಹೊತ್ತಿದೆ.

ಕಾಡಿಗೆ, ಮೊಲೆಹಾಲು, ಸೂಜಿ

ಕೈಕೆಲಸದ ವಿವರಕ್ಕೆ ಮದ್ರಾಸು ವಸ್ತುಸಂಗ್ರಹಾಲಯದ ಮೇಲ್ವಿಚಾರಕನಾಗಿದ್ದ ಥರ್ಸ್ಟನ್ 1906ರಲ್ಲಿ ಪ್ರಕಟಿಸಿದ ಜನಾಂಗ ಟಿಪ್ಪಣಿಗಳೇ ಆಧಾರ. ಅದು ಕಂಬಂ ಕಣಿವೆಗೆ ಸೀಮಿತವಾದ ವರದಿಯಲ್ಲ. ಪ್ರಾಂತ್ಯದ ಕೊರವ ಹೆಂಗಸರ ಕಸುಬಿನ ವಿವರಣೆ. ಅರಿಶಿನದ ಪುಡಿಯನ್ನೂ ಅಗಸೆಮರದ ಸೊಪ್ಪನ್ನೂ ಅರೆದು ತೆಳುಬಟ್ಟೆಗೆ ಸವರಿ, ಬತ್ತಿಯಾಗಿ ಸುತ್ತಿ, ಹರಳೆಣ್ಣೆಯ ಹಣತೆಯಲ್ಲಿ ಉರಿಸುತ್ತಾರೆ. ಮೇಲೆ ಹೊಸ ಮಡಕೆಯನ್ನು ಕವುಚುತ್ತಾರೆ. ಮಡಕೆಯ ಒಳಮೈಗೆ ಕಟ್ಟಿದ ಕಾಡಿಗೆಯನ್ನು ಕೆರೆದು ತೆಗೆದು, ನೀರಿನಲ್ಲೋ ಮೊಲೆಹಾಲಿನಲ್ಲೋ ಕಲಸುತ್ತಾರೆ. ಮೂರು ನಾಲ್ಕು ಹೊಲಿಗೆ ಸೂಜಿಗಳನ್ನು ದಾರದಿಂದ ಕಟ್ಟಿದರೆ ಉಪಕರಣ ಸಿದ್ಧ. ಮೊಂಡು ಕಡ್ಡಿಯಿಂದ ಚಿತ್ರ ಬರೆದು, ಗೆರೆಯ ಮೇಲೆ ಚುಚ್ಚಿ, ತಣ್ಣೀರಿನಿಂದ ತೊಳೆದು, ಅರಿಶಿನ ಹಚ್ಚುತ್ತಾರೆ. ಅರಿಶಿನ ಬಣ್ಣವನ್ನು ಗಾಢಗೊಳಿಸುತ್ತದೆ, ನೋವು ಬಾವುಗಳನ್ನು ಇಳಿಸುತ್ತದೆ ಎಂಬುದು ನಂಬಿಕೆ. ಒಂದು ಚುಕ್ಕೆಗೆ ಕಾಲಾಣೆಯಿಂದ ತೊಡಕಿನ ಚಿತ್ರಕ್ಕೆ 12 ಆಣೆಯವರೆಗೆ ಸಂಭಾವನೆ.

ಈ ಪಾಕದಲ್ಲಿ ಮೊಲೆಹಾಲಿನ ಪಾತ್ರ ಗಮನಾರ್ಹ. ಚುಚ್ಚುವ ದಿನ ಕೇರಿಯಲ್ಲಿ ಹಾಲೂಡುವ ತಾಯಿಯೊಬ್ಬಳು ಇರಬೇಕು. ಅವಳು ಕೊಟ್ಟ ಹಾಲು ಮಸಿಯೊಡನೆ ಇನ್ನೊಬ್ಬಳ ಚರ್ಮದೊಳಕ್ಕೆ ಇಳಿಯುತ್ತದೆ. ಹಸಿ ಬಾಣಂತಿಯ ಹಾಲು ಹಸಿಗಾಯಕ್ಕೆ ಸೇರುವ ಈ ಕ್ರಿಯೆಯಲ್ಲಿ 'ಪಚ್ಚೈ' ಎಂಬ ಪದದ ಎರಡೂ ಅರ್ಥಗಳು ಒಂದೇ ಬಟ್ಟಲಲ್ಲಿ ಕೂಡುತ್ತವೆ. ಥರ್ಸ್ಟನ್‌ಗೆ ಇದು ತಯಾರಿಕೆಯ ಒಂದು ಹಂತ ಮಾತ್ರ. ಕಸುಬುದಾರಳಿಗೂ ಹುಡುಗಿಗೂ ಅದು ಇನ್ನೇನೋ ಆಗಿದ್ದಿರಬೇಕು.

ಕಪ್ಪು ಕಾಡಿಗೆ ಹಸಿರಾಗಿ ಕಾಣುವುದಕ್ಕೆ ಭೌತಿಕ ಕಾರಣವಿದೆ. ಇಂಗಾಲದ ಕಣಗಳು ಒಳಚರ್ಮದಲ್ಲಿ ನೆಲೆನಿಂತಾಗ ಮೇಲಿನ ಚರ್ಮದ ಪದರ ಬೆಳಕನ್ನು ಚದುರಿಸುತ್ತದೆ. ಕೆಂಪು ಬೆಳಕು ಒಳಗಿಳಿದು ಕಪ್ಪಿನಲ್ಲಿ ಅಡಗುತ್ತದೆ, ನೀಲಿ ಹಸಿರಿನ ಛಾಯೆ ಕಣ್ಣಿಗೆ ಮರಳುತ್ತದೆ. ಸೂಜಿ ಮೇಲ್ಪದರದಲ್ಲೇ ನಿಂತರೆ ಕೆಲವು ವಾರಗಳಲ್ಲಿ ಆ ಪದರ ಉದುರುವಾಗ ಗುರುತೂ ಉದುರುತ್ತದೆ. ತೀರ ಆಳಕ್ಕೆ ಹೋದರೆ ಮಸಿ ಹರಡಿ ಗೆರೆ ಕೆಡುತ್ತದೆ, ಗಾಯ ಕೀವಾಗುತ್ತದೆ. ಸರಿಯಾದ ಆಳವನ್ನು ಕಂಡುಕೊಳ್ಳಲು ಕಸುಬುದಾರಳಿಗೆ ಇದ್ದ ಅಳತೆಗೋಲು ತನ್ನ ಬೆರಳ ತುದಿ ಮತ್ತು ಎದುರಿನ ಹುಡುಗಿಯ ಉಸಿರು.

ಚುಚ್ಚಿಸಿಕೊಳ್ಳುವ ಗಳಿಗೆ

ಸಾಮಾನ್ಯವಾಗಿ ಹೆಣ್ಣುಮಕ್ಕಳಿಗೆ ಮೈನೆರೆಯುವ ಮೊದಲೋ ಮದುವೆಯ ಮೊದಲೋ ಹಚ್ಚೆ ಹಾಕಿಸುತ್ತಿದ್ದರು. ಸುಗ್ಗಿ ಮುಗಿದು ಮನೆಯಲ್ಲಿ ಕಾಳು ಇರುವ ಕಾಲದಲ್ಲಿ ಕೊರವ ಹೆಂಗಸು ಊರಿಗೆ ಬರುತ್ತಾಳೆ. ಅವ್ವನೋ ಸೋದರತ್ತೆಯೋ ಹುಡುಗಿಯನ್ನು ಮಡಿಲಿಗೆ ಒರಗಿಸಿಕೊಂಡು ಭುಜ ಹಿಡಿಯುತ್ತಾಳೆ. ಕಸುಬುದಾರಳು ಎಡಗೈಯಿಂದ ಮುಂಗೈಯ ಚರ್ಮವನ್ನು ಬಿಗಿಯಾಗಿ ಎಳೆದು ಹಿಡಿದು ಬಲಗೈಯಿಂದ ಚುಚ್ಚತೊಡಗುತ್ತಾಳೆ. ಮುಂಗೈಯ ಒಳಮೈ ತೆಳು. ಮೊದಲ ಕೆಲವು ಚುಚ್ಚುಗಳು ಒಂದೊಂದಾಗಿ ಎಣಿಕೆಗೆ ಸಿಗುತ್ತವೆ. ಆಮೇಲೆ ಅವು ಬೆರೆತು ಒಂದೇ ಉರಿಯಾಗುತ್ತವೆ. ಮೂಳೆಯ ಹತ್ತಿರ, ಮಣಿಕಟ್ಟಿನ ಬಳಿ, ನೋವು ಚೂಪಾಗುತ್ತದೆ. ರಕ್ತ ಒಸರಿ ಚಿತ್ರ ಮಸುಕಾದಾಗ ಒರೆಸಿ ಮತ್ತೆ ಅದೇ ಗೆರೆಯ ಮೇಲೆ ಸೂಜಿ ಓಡುತ್ತದೆ. ಈ ಎರಡನೆಯ ಸುತ್ತು ಮೊದಲನೆಯದಕ್ಕಿಂತ ಕಠಿಣ, ಏಕೆಂದರೆ ಈಗ ಚುಚ್ಚುವುದು ಹಸಿಯಾದ ಮೈಯನ್ನು.

ನೋವು ಮರೆಸಲು ಹಾಡುವುದು ಕಸುಬಿನ ಭಾಗವಾಗಿತ್ತು. ಇಂಥ ಹಾಡುಗಳು ದಕ್ಷಿಣದ ಭಾಷೆಗಳ ಜನಪದದಲ್ಲಿ ಉಂಟು. ಹುಡುಗಿಯನ್ನು ಮುದ್ದು ಮಾಡಿ, ಮುಂದೆ ಬರುವ ಗಂಡನ ಮಾತೆತ್ತಿ, ನಾದಿನಿ ಅತ್ತೆಯರ ಬಗ್ಗೆ ಚೇಷ್ಟೆ ಮಾಡಿ ಗಮನವನ್ನು ಸೆಳೆಯುವುದು ಅವುಗಳ ಬಗೆ. ಸುತ್ತ ಕುಳಿತ ಹೆಂಗಸರು ನಗುತ್ತಾರೆ. ಅಳುವ ಹುಡುಗಿಯೂ ನಡುವೆ ನಗುತ್ತಾಳೆ. ಆ ನಗುವಿನಲ್ಲಿ ಸ್ವಲ್ಪ ಕ್ರೌರ್ಯವೂ ಇದೆ. ಅಲ್ಲಿ ಕುಳಿತವರೆಲ್ಲರ ಕೈಮೇಲೂ ಅದೇ ಹಸಿರಿದೆ. ತಾವು ಸಹಿಸಿದ್ದನ್ನು ಇವಳೂ ಸಹಿಸಲಿ ಎಂಬ ನಿರೀಕ್ಷೆ ಇದೆ. ಮದುವೆ, ಹೆರಿಗೆ, ಗಂಡನ ಮನೆಯ ದುಡಿಮೆ ಎಲ್ಲವೂ ಮುಂದಿರುವಾಗ ನೋವಿನ ಮೊದಲ ಪಾಠ ಹೆಂಗಸರ ನಡುವೆಯೇ, ಹೆಂಗಸರ ಕೈಯಲ್ಲೇ ನಡೆಯಲಿ ಎಂಬ ಸಮ್ಮತಿ ಅದರ ಹಿಂದಿದೆ. ಹುಡುಗಿಯ ಒಪ್ಪಿಗೆಯನ್ನು ಯಾರೂ ಕೇಳುತ್ತಿರಲಿಲ್ಲ ಎಂಬುದನ್ನೂ ಇದರ ಜೊತೆಗೇ ಹೇಳಬೇಕು. ಹಚ್ಚೆಯನ್ನು ಕೇವಲ ಸಖ್ಯದ ಆಚರಣೆಯಾಗಿ ನೆನೆಯುವವರು ಭುಜ ಹಿಡಿದ ಕೈಯ ಬಲವನ್ನು ಮರೆಯುತ್ತಾರೆ.

ಅಂದಿನ ರಾತ್ರಿ ಕೈ ಬಾತು ಬಿಸಿಯಾಗುತ್ತದೆ, ಕೆಲವರಿಗೆ ಜ್ವರ ಬರುತ್ತದೆ. ಕೆಲವು ದಿನಗಳಲ್ಲಿ ಹಕ್ಕಳೆ ಕಟ್ಟಿ ತುರಿಸುತ್ತದೆ. ಕೆರೆಯಬಾರದೆಂಬ ಎಚ್ಚರಿಕೆ ಮನೆತುಂಬ ಕೇಳುತ್ತದೆ. ಹಕ್ಕಳೆ ಉದುರಿದ ಬೆಳಿಗ್ಗೆ ಅಡಿಯಲ್ಲಿ ಹಸಿರು ಕಾಣುತ್ತದೆ. ಆವರೆಗೆ ಗಾಯವಾಗಿದ್ದದ್ದು ಆಗ ಒಡವೆಯಾಗುತ್ತದೆ. ಚಿನ್ನವನ್ನು ಒತ್ತೆಯಿಡಬಹುದು, ಕಳ್ಳರು ಕದಿಯಬಹುದು, ಸತ್ತಾಗ ಮಕ್ಕಳು ಬಿಚ್ಚಿಕೊಳ್ಳಬಹುದು. ಹಚ್ಚೆಯೊಂದೇ ಚಿತೆಯವರೆಗೂ ಜೊತೆ ಬರುವ ಒಡವೆ ಎಂಬ ಮಾತು ಕರ್ನಾಟಕದಲ್ಲೂ ತಮಿಳುನಾಡಿನಲ್ಲೂ ಹಳೆಯ ತಲೆಮಾರಿನ ಬಾಯಲ್ಲಿದೆ. ಒಡವೆಯಿಲ್ಲದವರ ಮಾತು ಅದು.

ಚುಚ್ಚುವ ಕೈಯ ಚರಿತ್ರೆ

ಕೈ ಹಿಡಿದು ಭವಿಷ್ಯ ಹೇಳುವ ಕುರತ್ತಿ ತಮಿಳು ಸಾಹಿತ್ಯದ ಪ್ರಿಯ ಪಾತ್ರ. ಹದಿನೆಂಟನೆಯ ಶತಮಾನದ 'ತಿರುಕ್ಕುಟ್ರಾಲಕ್ ಕುರವಂಜಿ' ಅವಳನ್ನು ರಂಗದ ನಡುವೆ ನಿಲ್ಲಿಸಿತು. ಕನ್ನಡದಲ್ಲೂ ಕೊರವಂಜಿ ಯಕ್ಷಗಾನಕ್ಕೂ ಜನಪದಕ್ಕೂ ಬೇಕಾದವಳು; 1942ರಲ್ಲಿ ಆರಂಭವಾದ ಹಾಸ್ಯಪತ್ರಿಕೆಗೆ ಅವಳ ಹೆಸರೇ ಶೀರ್ಷಿಕೆಯಾಯಿತು. ಕಾವ್ಯದ ಕುರತ್ತಿ ಮುಖ್ಯವಾಗಿ ಕಣಿ ಹೇಳುವವಳು. ಊರಿಗೆ ಬರುತ್ತಿದ್ದ ಕುರತ್ತಿ ಬುಟ್ಟಿ ಮಾರಿ, ಕಣಿ ಹೇಳಿ, ಅದೇ ಹಿಡಿದ ಕೈಯನ್ನು ಚುಚ್ಚುತ್ತಿದ್ದವಳು. ಹೀಗೆ ಚುಚ್ಚುವುದನ್ನೇ ಕಸುಬಾಗಿಸಿಕೊಂಡ ಕೊರವರ ಪಂಗಡವನ್ನು 'ಪಚ್ಚೈಕುತ್ತಿ' ಎಂದು ಥರ್ಸ್ಟನ್‌ನ ಕೋಶ ಹೆಸರಿಸುತ್ತದೆ. ಅವರ ಮನೆಮಾತು ತಮಿಳಿಗೆ ಹತ್ತಿರದ್ದು; ತೆಲುಗು ಕನ್ನಡಗಳ ಪದಗಳು ಅದರಲ್ಲಿ ಧಾರಾಳ. ಬೋಡಿಯ ಕನ್ನಡ ಮನೆಯ ಅಂಗಳದಲ್ಲಿ ಕುಳಿತ ಕುರತ್ತಿಗೂ ಹುಡುಗಿಗೂ ಪೂರ್ತಿಯಾಗಿ ಒಂದೇ ಭಾಷೆ ಇರಲಿಲ್ಲ. ಇಬ್ಬರ ಮನೆಮಾತೂ ಶಾಲೆಯ ಮಾತಾಗಿರಲಿಲ್ಲ.

ಆಳುವವರು ಹಚ್ಚೆಯನ್ನು ಓದಿದ ಬಗೆ ಬೇರೆ. ಬಂಗಾಳ ಮತ್ತು ಮದ್ರಾಸು ಪ್ರಾಂತ್ಯಗಳಲ್ಲಿ ಜೀವಾವಧಿ ಶಿಕ್ಷೆಗೆ ಗುರಿಯಾದವರ ಹಣೆಯ ಮೇಲೆ ಅಪರಾಧವನ್ನು ಹಚ್ಚೆಯಾಗಿ ಬರೆಸುವ ಪದ್ಧತಿ ಇತ್ತು. 1849ರಲ್ಲಿ ಅದನ್ನು ಕಾನೂನಿನಿಂದ ಕೈಬಿಡಲಾಯಿತು. ಅನಂತರವೂ ಕೈದಿಗಳ ದಾಖಲೆಗಳಲ್ಲಿ, ಕಡಲಾಚೆಯ ತೋಟಗಳಿಗೆ ಹೊರಟ ಕೂಲಿಗಳ ಪಟ್ಟಿಗಳಲ್ಲಿ ಮೈಮೇಲಿನ ಗುರುತುಗಳನ್ನು ಬರೆದಿಡುವುದು ಮುಂದುವರಿಯಿತು. ಮುಂಗೈಯ ಒಡವೆ ಅಲ್ಲಿ ಗುರುತುಚಿಹ್ನೆಯಾಯಿತು.

1911ರ ಅಪರಾಧಿ ಬುಡಕಟ್ಟುಗಳ ಕಾಯ್ದೆ ಮದ್ರಾಸು ಪ್ರಾಂತ್ಯಕ್ಕೂ ಅನ್ವಯಿಸಿದಾಗ ಕೊರವರ ಹಲವು ಗುಂಪುಗಳು ಅದರ ಪಟ್ಟಿಗೆ ಸೇರಿದವು. ಅಧಿಸೂಚಿತ ಸಮುದಾಯದವರು ಹೆಸರು ನೋಂದಾಯಿಸಿ ಬೆರಳಚ್ಚು ಕೊಡಬೇಕಿತ್ತು. ಊರು ಬಿಡುವುದನ್ನು ತಿಳಿಸಬೇಕಿತ್ತು. ಸುಗ್ಗಿಯ ಜಾಡು ಹಿಡಿದು ಊರೂರು ತಿರುಗುವುದೇ ಬದುಕಾಗಿದ್ದ ಕಸುಬಿಗೆ ಇದು ಬುಡಕ್ಕೇ ಬಿದ್ದ ಏಟು. ಇದೇ ಕಾಯ್ದೆಯಡಿ ಮದುರೆ ಸೀಮೆಯ ಕಳ್ಳರನ್ನೂ ಪಟ್ಟಿಗೆ ಸೇರಿಸಲಾಯಿತು. ಉಸಿಲಂಪಟ್ಟಿ ಬಳಿಯ ಪೆರುಂಗಾಮನಲ್ಲೂರಿನಲ್ಲಿ ಬೆರಳಚ್ಚು ಕೊಡಲು ಒಪ್ಪದ ಜನರ ಮೇಲೆ 1920ರ ಏಪ್ರಿಲ್ 3ರಂದು ಪೊಲೀಸರು ಗುಂಡು ಹಾರಿಸಿದರು. 16 ಮಂದಿ ಸತ್ತರು, ಅವರಲ್ಲಿ ಒಬ್ಬ ಹೆಂಗಸೂ ಇದ್ದಳು. ಮದುರೆಯಿಂದ ಬೋಡಿಗೆ 1928ರಲ್ಲಿ ಬಂದ ರೈಲುದಾರಿ ಹಾದುಹೋಗುವುದು ಈ ಉಸಿಲಂಪಟ್ಟಿಯ ಮೂಲಕವೇ. ಮದ್ರಾಸಿನಲ್ಲಿ ಕಾಯ್ದೆ ರದ್ದಾದದ್ದು 1947ರಲ್ಲಿ, ದೇಶದಾದ್ಯಂತ 1952ರಲ್ಲಿ.

ಎರಡು ಮಸಿಗಳನ್ನು ಇಲ್ಲಿ ಎದುರುಬದುರು ಇಟ್ಟು ನೋಡಬೇಕು. ಠಾಣೆಯ ಮಸಿ ನೋವು ಕೊಡುವುದಿಲ್ಲ, ತೊಳೆದರೆ ಹೋಗುತ್ತದೆ. ಆದರೆ ಅದರ ಗುರುತು ಸರಕಾರದ ಕಡತದಲ್ಲಿ ಉಳಿಯುತ್ತದೆ. ಕುರತ್ತಿಯ ಮಸಿ ನೋಯಿಸುತ್ತದೆ, ತೊಳೆದರೂ ಹೋಗುವುದಿಲ್ಲ. ಅದನ್ನು ಧರಿಸಿದವಳೇ ಅದಕ್ಕೆ ಒಡತಿ. ಕಣಿವೆಯ ಹೆಂಗಸರ ತೋಳಿಗೆ ಆಯುಷ್ಯದ ಒಡವೆ ಕೊಟ್ಟವರ ಕೈಗಳನ್ನೇ ಸರಕಾರ ಮಸಿಯ ತಟ್ಟೆಗೆ ಒತ್ತಿಸಿಕೊಂಡಿತು.

ಅಕ್ಷರ ಬಂದ ಮೇಲೆ

ಚುಕ್ಕೆ ಗೆರೆಗಳ ಹಚ್ಚೆಗೆ ಭಾಷೆಯ ಹಂಗಿಲ್ಲ. ಒಂದೇ ಚೇಳು ತಮಿಳು ಮನೆಯಲ್ಲೂ ತೆಲುಗು ಮನೆಯಲ್ಲೂ ಕನ್ನಡ ಮನೆಯಲ್ಲೂ ಚೇಳೇ. ಓದುಬರಹ ಹರಡಿದಂತೆ ತೋಳಿನ ಮೇಲೆ ಹೆಸರುಗಳು ಬಂದವು. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಬಾರದೆಂಬ ರೂಢಿಯಿದ್ದ ಕಾಲದಲ್ಲಿ, ನಾಲಗೆ ಹೇಳಲಾಗದ್ದನ್ನು ಮುಂಗೈ ಹೇಳಿತು. ಈ ಸೀಮೆಯ ಕನ್ನಡ ಬಹುಮಟ್ಟಿಗೆ ಮಾತಾಗಿಯೇ ಉಳಿದದ್ದು. ಇಲ್ಲಿನವರ ಓದು ಬರಹ ತಮಿಳಿನಲ್ಲಿ. ಆದ್ದರಿಂದ ಕನ್ನಡ ಮನೆಮಾತಿನ ತೋಳಿಗೂ ತಮಿಳು ಲಿಪಿಯೇ ಒದಗುತ್ತದೆ. ಇದನ್ನು ಭಾಷಾಂತರದ ಸೋಲೆಂದು ನೋಡಬೇಕಿಲ್ಲ. ಆದರೆ ಲಿಪಿಯಿಲ್ಲದೆ ಬದುಕಿದ ಮಾತು ಮೈಮೇಲೆ ಬರೆಸಿಕೊಳ್ಳುವ ಗಳಿಗೆಯಲ್ಲೂ ಇನ್ನೊಂದು ಭಾಷೆಯ ಅಕ್ಷರವನ್ನು ಎರವಲು ಪಡೆಯಬೇಕಾಗುತ್ತದೆ ಎಂಬುದು ಅಲ್ಪಸಂಖ್ಯಾತ ಭಾಷೆಗಳ ಅಧ್ಯಯನಕ್ಕೆ ಸಣ್ಣ ಸಂಗತಿಯಲ್ಲ.

ಕಳೆದ ಶತಮಾನದ ಉತ್ತರಾರ್ಧದಲ್ಲಿ ಶಾಲೆ ಕಂಡ ಹೆಣ್ಣುಮಕ್ಕಳು ಹಚ್ಚೆಯನ್ನು ಹಳ್ಳಿಗಾಡಿನ ಗುರುತೆಂದು ಬಗೆದು ದೂರ ಸರಿದರು. ಅದೇ ಕಾಲದಲ್ಲಿ ತಮಿಳುನಾಡಿನ ಗಂಡಸರ ತೋಳಿಗೆ ರಾಜಕೀಯದ ಹಚ್ಚೆ ಬಂತು. ಎಪ್ಪತ್ತರ ದಶಕದಲ್ಲಿ ಎಂ.ಜಿ. ರಾಮಚಂದ್ರನ್ ಪಕ್ಷದ ಬಾವುಟವನ್ನು ಕೈಮೇಲೆ ಚುಚ್ಚಿಸಿಕೊಳ್ಳುವಂತೆ ಕಾರ್ಯಕರ್ತರಿಗೆ ಹೇಳಿದರು. ಪಕ್ಷದೊಳಗೇ ಅದಕ್ಕೆ ವಿರೋಧವೂ ಬಂತು. ಅವರು 1984ರಲ್ಲಿ ಗೆದ್ದ ಆಂಡಿಪಟ್ಟಿಯೂ, ಮೇಲುಕೋಟೆಯಲ್ಲಿ ಹುಟ್ಟಿದ ಜಯಲಲಿತಾ 1989ರಲ್ಲಿ ಗೆದ್ದ ಬೋಡಿನಾಯಕನೂರೂ ಇದೇ ಸೀಮೆಯವು. 2016ರ ಫೆಬ್ರವರಿಯಲ್ಲಿ ಚೆನ್ನೈನಲ್ಲಿ ಜಯಲಲಿತಾ ಅವರ ಹುಟ್ಟುಹಬ್ಬಕ್ಕೆಂದು ನೂರಾರು ಮಂದಿ ಅವರ ಮುಖವನ್ನು ಕೈಮೇಲೆ ಚುಚ್ಚಿಸಿಕೊಂಡರು. ಯಂತ್ರದ ಸೂಜಿಯಡಿ ಅಳುತ್ತಿದ್ದ ಹೆಂಗಸರ ದೃಶ್ಯಗಳನ್ನು ದೇಶವೇ ನೋಡಿ, ಕೆಲವರು ನಕ್ಕರು, ಕೆಲವರು ಸಿಟ್ಟಾದರು. ಹಳೆಯ ಅಂಗಳದಲ್ಲೂ ಅಳು ಇತ್ತು, ನಗು ಇತ್ತು, ಒಪ್ಪಿಗೆ ಸಂದಿಗ್ಧವಾಗಿತ್ತು. ಆದರೆ ಅಲ್ಲಿ ನಕ್ಕವರ ಕೈಮೇಲೂ ಅದೇ ಹಸಿರು ಇತ್ತು.

ಇಂದು ತೇನಿ, ದಿಂಡುಗಲ್ಲುಗಳ ಯುವಕರಿಗೆ ಹಚ್ಚೆ ಎಂದರೆ ಯಂತ್ರ, ಕೈಗವಸು, ಬಿಸಾಡುವ ಸೂಜಿ, ಮೊಬೈಲಿನಲ್ಲಿ ಆಯ್ದ ಚಿತ್ರ. ಈ ಬದಲಾವಣೆಯಲ್ಲಿ ಲಾಭವಿದೆ: ಸೋಂಕಿನ ಭಯ ತಗ್ಗಿದೆ, ಒಪ್ಪಿಗೆ ತಮ್ಮದಾಗಿದೆ. ನೋವು ಮಾತ್ರ ಒಬ್ಬರದೇ ಆಗಿದೆ.

ಹಚ್ಚೆ ಏಕೆ ಉಳಿಯುತ್ತದೆ ಎಂಬ ಪ್ರಶ್ನೆಗೆ ಫ್ರಾನ್ಸಿನ ವಿಜ್ಞಾನಿಗಳು 2018ರಲ್ಲಿ ಇಲಿಗಳ ಮೇಲಿನ ಪ್ರಯೋಗದಿಂದ ಒಂದು ಉತ್ತರ ಕೊಟ್ಟರು. ಗಾಯವಾದಾಗ ಅನ್ಯವಸ್ತುವನ್ನು ನುಂಗಲು ಓಡಿಬರುವ ರಕ್ಷಣಾಕೋಶಗಳು ಮಸಿಯ ಕಣಗಳನ್ನು ನುಂಗುತ್ತವೆ, ಕರಗಿಸಲಾರವು. ಆ ಕೋಶ ಸತ್ತಾಗ ಕಣಗಳು ಹೊರಬೀಳುತ್ತವೆ. ಅವನ್ನು ಮತ್ತೊಂದು ಕೋಶ ಅಲ್ಲೇ ನುಂಗಿ ಹಿಡಿದುಕೊಳ್ಳುತ್ತದೆ. ಹೀಗೆ ಕೈ ಬದಲಾಗುವಾಗ ಅಷ್ಟಿಷ್ಟು ಕಣಗಳು ಜಾರುವುದರಿಂದಲೂ ಇರಬೇಕು, ವಯಸ್ಸಾದಂತೆ ಗೆರೆಗಳ ಅಂಚು ಕರಗುತ್ತದೆ. ಏಲಕ್ಕಿ ಆಯುವ ಮುಪ್ಪಿನ ಕೈಮೇಲಿನ ಹಸಿರಿನ ಹಿಂದೆ, ಕಣ್ಣಿಗೆ ಕಾಣದ ಗಾಯವೊಂದು ಅರವತ್ತು ಎಪ್ಪತ್ತು ವರ್ಷಗಳಿಂದ ನಡೆಯುತ್ತಲೇ ಇದೆ. ಭಾಷೆ ಅದನ್ನು ಹಸಿ ಎಂದು ಕರೆದದ್ದು ಶರೀರಶಾಸ್ತ್ರದ ಲೆಕ್ಕದಲ್ಲೂ ಸರಿಯೇ.

ಆ ಕೈಗಳು ಒಂದೊಂದಾಗಿ ಮರೆಯಾಗುತ್ತಿರುವ ಈ ಕಾಲದಲ್ಲಿ ವಿನ್ಯಾಸಗಳ ಛಾಯಾಚಿತ್ರ ತೆಗೆದಿಡುವುದು ಸುಲಭದ ಕೆಲಸ. ಯಾರು ಚುಚ್ಚಿದರು, ಭುಜ ಹಿಡಿದವರು ಯಾರು, ಹಾಲು ಕೊಟ್ಟವಳು ಯಾರು, ಯಾವ ಭಾಷೆಯಲ್ಲಿ ಅತ್ತದ್ದು, ಯಾವ ಭಾಷೆಯಲ್ಲಿ ಸಂತೈಸಿದ್ದು ಎಂದು ಆ ಕೈಗಳ ಒಡತಿಯರನ್ನು ಅವರ ಮನೆಮಾತಿನಲ್ಲೇ ಕೇಳಿ ಬರೆದಿಡುವುದು ನಿಜವಾದ ಕೆಲಸ. ಅದಕ್ಕೆ ಉಳಿದಿರುವ ಕಾಲ ಕಡಿಮೆ.